ಮಾವನ ಲ್ಯಾಪ್‌ಟಾಪಿನಲ್ಲಿ ಎಲ್ಲ ಎರಡೆರಡು

ಕಳೆದ ಆಟಿ ತಿಂಗಳಿಂದ ಚೌತಿಯ ತನಕ ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಎರಡೆರಡು ಇದ್ದವು. ಎರಡು ಕ್ಯಾಲ್ಕುಲೇಟರ್, ಫೈಲ್ ನೋಡಲಿಕ್ಕೆ ಎರಡು ದಾರಿ, ಬರೆಯುವ ನೋಟ್‌ಪ್ಯಾಡ್ ಥರದ್ದು ಎರಡು, ಫೋಟೋ ತೆರೆಯಲಿಕ್ಕೆ ಎರಡು. "ಒಂದು ಲೆಕ್ಕ ಕೂಡಿಸ್ಲಿಕ್ಕೆ ಎರಡು ಮಿಶನ್ ಎಂತಕ್ಕೆ ಮಾರಾಯ್ತಿ?" ಅಂತ ಮಾವ ಒಮ್ಮೆ ಕೇಳಿದರು. ಅಷ್ಟೇ. ಬೇರೆ ದೂರು ಹೇಳಲಿಲ್ಲ. ದೂರು ಹೇಳದೇ ಇದ್ದದ್ದೇ ನನಗೆ ಸಮಸ್ಯೆಯಾಯಿತು.

ನಮ್ಮದು ಕಡಬ ತಾಲೂಕಿನ ಒಂದು ಮೂಲೆ. ಮಾವ ಸುಳ್ಯದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿ ನಿವೃತ್ತಿಯಾದವರು, ಈಗ ಎಪ್ಪತ್ತಾರು ವರ್ಷ. ನಿವೃತ್ತಿಯ ಮೇಲೆ ಅಡಿಕೆ ತೋಟದ ಮಾತುಗಳನ್ನು ಒಂದು ಕಡೆ ಸೇರಿಸುವ ಕೆಲಸ ಹಿಡಿದಿದ್ದಾರೆ. ಸಿಂಗಾರ, ಹಾಳೆ, ಕೊಟ್ಟೆ ಕಟ್ಟುವುದು, ದೋಟಿ, ತಳೆ, ಚಾಲಿ, ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟು. ಒಂದೊಂದು ಮಾತಿಗೂ ಅರ್ಥ, ಯಾವ ಊರಲ್ಲಿ ಹೇಗೆ ಹೇಳುತ್ತಾರೆ, ಯಾರ ಬಾಯಲ್ಲಿ ಕೇಳಿದ್ದು ಎಲ್ಲ ಬರೆಯುತ್ತಾರೆ. ಮರ ಹತ್ತಿ ಕೊನೆ ತೆಗೆಯುವವರೇ ಕಡಿಮೆಯಾದ ಮೇಲೆ ಆ ಕೆಲಸದ ಮಾತುಗಳೂ ಹೋಗುತ್ತವೆ ಅಂತ ಅವರಿಗೆ ಒಂದು ಅವಸರ. ಬೆರಳಚ್ಚು ಕಲಿತದ್ದು ನುಡಿ ತಂತ್ರಾಂಶದಲ್ಲಿ. ಸ್ಕ್ರಾಲ್ ಲಾಕ್ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್. ಅದು ಅವರ ಕೈಗೆ ಕೂತುಬಿಟ್ಟಿದೆ.

ಲ್ಯಾಪ್‌ಟಾಪ್ ಹಳತು. ನಾಲ್ಕು ಜಿಬಿ ರ್‍ಯಾಮ್, ತಿರುಗುವ ಹಾರ್ಡ್ ಡಿಸ್ಕ್. ವಿಂಡೋಸ್ 10 ಅದರಲ್ಲಿ ತೆವಳುತ್ತಿತ್ತು. ಅದಕ್ಕೆ 2025ರ ಅಕ್ಟೋಬರ್ 14ರ ನಂತರ ಮಾಮೂಲಿ ಭದ್ರತಾ ಅಪ್‌ಡೇಟ್ ನಿಲ್ಲುತ್ತದೆ ಎಂಬ ಸುದ್ದಿ ಮೊದಲೇ ಬಂದಿತ್ತು, ಹನ್ನೊಂದನ್ನು ಹಾಕುವ ತಾಕತ್ತು ಆ ಮಿಶನ್‌ಗೆ ಇಲ್ಲ. ಹಾಗಾಗಿ 2024ರಲ್ಲಿಯೇ ನಾನು ಅದಕ್ಕೆ ಡೆಬಿಯನ್ 12 ಹಾಕಿ, ಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಕೂರಿಸಿ ಕೊಟ್ಟೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದು 2020ರ ಕೊರೋನಾ ಸಮಯ ಊರಿಗೆ ಬಂದವಳು, ವಾಪಸು ಹೋಗಲಿಲ್ಲ. ಲಿನಕ್ಸ್ ಸ್ವಲ್ಪ ಗೊತ್ತುಂಟು. ಕೀಬೋರ್ಡಿನಲ್ಲಿ ಕಗಪ ವಿನ್ಯಾಸ ಆರಿಸಿ, ಬದಲಿಸಲಿಕ್ಕೆ ಸ್ಕ್ರಾಲ್ ಲಾಕ್ ಕೀಲಿಯನ್ನೇ ಇಟ್ಟೆ. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸ ಇವತ್ತು ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಸಿಗುತ್ತದೆ, ಬೇರೆ ಎಂತದೂ ಹಾಕಬೇಕಾಗಿಲ್ಲ. ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಅಕ್ಷರಗಳನ್ನು ದೊಡ್ಡದು ಮಾಡಿಟ್ಟೆ. ಒಂದು ವರ್ಷ ಅವರು ಅದರಲ್ಲಿ ಸುಖವಾಗಿ ಬರೆದರು.

ಆಟಿಯಲ್ಲಿ ಮಳೆಗೆ ರಜೆ ಸಿಕ್ಕಿತು ಅಂತ ನಾದಿನಿಯ ಮಗ ಬಂದ. ಸುಳ್ಯದಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಅಜ್ಜನ ಮೇಲೆ ಜೀವ. ಅಜ್ಜನ ಸ್ಕ್ರೀನ್ ನೋಡಿದವನೇ "ಇದೆಂತ ಅಜ್ಜ, ಹಳೇ ಕಾಲದ ಹಾಗೆ ಉಂಟು" ಅಂದ. ಎರಡು ಗಂಟೆ ಕೂತು ಕೆಡಿಇ ಪ್ಲಾಸ್ಮಾ ಹಾಕಿದ. ಚಂದವೇ ಇತ್ತು, ಸುಳ್ಳು ಹೇಳಬಾರದು. ಕಿಟಕಿಗಳು ತೇಲಿ ಬರುವುದು, ನೆರಳು ಬೀಳುವುದು, ಎಲ್ಲ ಹೊಳಪು. ಅಜ್ಜ "ಭಾರೀ ಲಾಯ್ಕಾಯ್ತು" ಅಂದರು, ಮೊಮ್ಮಗ ಖುಷಿಯಲ್ಲಿ ಬಸ್ಸು ಹತ್ತಿದ.

ಡೆಸ್ಕ್‌ಟಾಪ್ ಅಂದರೆ ಎಂತದು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ವಿಂಡೋಸ್‌ನಲ್ಲಿ ಒಳಗಿನ ವ್ಯವಸ್ಥೆ ಮತ್ತು ಕಣ್ಣಿಗೆ ಕಾಣುವ ಮುಖ ಎರಡೂ ಒಂದೇ ಕಟ್ಟು. ಲಿನಕ್ಸ್‌ನಲ್ಲಿ ಹಾಗಲ್ಲ, ಅಡಿಕೆ ಮರಕ್ಕೆ ಒಳ್ಳೆಮೆಣಸಿನ ಬಳ್ಳಿ ಬಿಟ್ಟ ಹಾಗೆ. ಮರ ಬೇರೆ, ಬಳ್ಳಿ ಬೇರೆ. ಬಳ್ಳಿ ಇಲ್ಲದಿದ್ದರೂ ಮರ ಬದುಕುತ್ತದೆ, ಕರಿ ಪರದೆಯ ಮೇಲೆ ಬರೀ ಅಕ್ಷರದಲ್ಲಿ ಕೆಲಸ ಮಾಡುತ್ತದೆ. ಕೆಡಿಇಯನ್ನು ಜರ್ಮನಿಯ ಮಥಿಯಾಸ್ ಎಟ್ರಿಕ್ ಎಂಬ ವಿದ್ಯಾರ್ಥಿ 1996ರಲ್ಲಿ ಶುರುಮಾಡಿದ್ದು. ಎಕ್ಸ್‌ಎಫ್‌ಸಿಇಯೂ ಅದೇ ವರ್ಷದ್ದು, ಫ್ರಾನ್ಸಿನ ಒಲಿವಿಯೆ ಫೂರ್ಡಾನ್ ಅವರದು. ಗ್ನೋಮ್ ಬಂದದ್ದು 1997ರಲ್ಲಿ. ಒಂದೇ ಮರಕ್ಕೆ ಎರಡು ಮೂರು ಬಳ್ಳಿ ಬಿಡಬಹುದು, ಲಾಗಿನ್ ಆಗುವಾಗ ಯಾವುದು ಬೇಕೋ ಆರಿಸಬಹುದು. ತೊಂದರೆ ಎಂತ ಅಂದರೆ ಒಂದೊಂದು ಬಳ್ಳಿಯೂ ತನ್ನದೇ ಕ್ಯಾಲ್ಕುಲೇಟರ್, ತನ್ನದೇ ಫೈಲ್ ಮ್ಯಾನೇಜರ್, ತನ್ನದೇ ಸೆಟ್ಟಿಂಗ್ ಹೊತ್ತುಕೊಂಡು ಬರುತ್ತದೆ. ಆಮೇಲೆ ಒಂದರ ಬೇರು ಇನ್ನೊಂದರಲ್ಲಿ ಸಿಕ್ಕಿಕೊಳ್ಳುತ್ತದೆ.

ಹುಡುಗ ಹೋದ ಹತ್ತು ದಿನಕ್ಕೆ ನೋಡುತ್ತೇನೆ, ಮಾವ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆಯುತ್ತಿದ್ದಾರೆ. "ಲ್ಯಾಪ್‌ಟಾಪ್ ಎಂತಾಯ್ತು ಮಾವ?" ಅಂದರೆ "ಕರೆಂಟಿಲ್ಲ ಅಲ್ವಾ, ಮಳೆಗೆ" ಅಂದರು. ಕರೆಂಟ್ ಇತ್ತು. ಮರುದಿನ "ಕಣ್ಣು ಸ್ವಲ್ಪ ನೀರು ಬರ್ತದೆ" ಅಂದರು. ಮೂರನೇ ದಿನ ನಾನೇ ತೆರೆದು ಕೂತೆ. ಶುರುವಾಗಲಿಕ್ಕೆ ಹೋದರೆ ಡಿಸ್ಕ್ ಕರಕರ ಅನ್ನುತ್ತಲೇ ಇತ್ತು. ಕೆಡಿಇಯಲ್ಲಿ ಬಾಲೂ ಅಂತ ಒಂದು ಸೇವೆ ಉಂಟು, ಹುಡುಕಲಿಕ್ಕೆ ಸುಲಭವಾಗಲಿ ಅಂತ ನಮ್ಮ ಎಲ್ಲಾ ಫೈಲುಗಳ ಪಟ್ಟಿ ಮಾಡಿಡುತ್ತದೆ. ಹೊಸ ಮಿಶನ್‌ನಲ್ಲಿ ಗೊತ್ತೇ ಆಗುವುದಿಲ್ಲ, ತಿರುಗುವ ಡಿಸ್ಕ್‌ನಲ್ಲಿ ಜೀವ ತಿನ್ನುತ್ತದೆ. ಅಕ್ಷರದ ಗಾತ್ರ ಸಣ್ಣದಾಗಿತ್ತು, ಯಾಕೆಂದರೆ ದೊಡ್ಡದು ಮಾಡಿಟ್ಟದ್ದು ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್‌ನಲ್ಲಿ. ಸ್ಕ್ರಾಲ್ ಲಾಕ್ ಒತ್ತಿದರೆ ಕನ್ನಡ ಬರುವುದಿಲ್ಲ, ಅದೂ ಅಲ್ಲೇ ಬಿಟ್ಟುಬಂದ ಸೆಟ್ಟಿಂಗ್. ಮಾವ ಒತ್ತಿ ಒತ್ತಿ ನೋಡಿ ಮುಚ್ಚಿಟ್ಟಿದ್ದಾರೆ. ಮೊಮ್ಮಗ ಪ್ರೀತಿಯಿಂದ ಮಾಡಿಕೊಟ್ಟದ್ದನ್ನು ಬೇಡ ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ಸೊಸೆಯ ಹತ್ತಿರ ಹೇಳಿದರೆ ಅದು ನಾದಿನಿಗೆ ಮುಟ್ಟುತ್ತದೆ ಅನ್ನುವ ಹೆದರಿಕೆ ಬೇರೆ.

ಲಾಗಿನ್ ಸ್ಕ್ರೀನಿನಲ್ಲಿ ಹಳೇ ಡೆಸ್ಕ್‌ಟಾಪ್ ಆರಿಸಿ ಕೊಟ್ಟೆ. ಆದರೂ ಮೆನುವಿನಲ್ಲಿ ಎರಡೆರಡು. ಪಿಡಿಎಫ್ ಒತ್ತಿದರೆ ಬೇರೆಯದೇ ತೆರೆಯುತ್ತದೆ, ಪಾಸ್‌ವರ್ಡ್ ಪೆಟ್ಟಿಗೆಯೊಂದು ಆಗಾಗ ಎದ್ದು ಬಂದು ಎಂತದೋ ಕೇಳುತ್ತದೆ, ಗುಂಡಿಗಳ ಬಣ್ಣ ಅರ್ಧ ಹೊಸದು ಅರ್ಧ ಹಳತು. ಮಾವನಂಥವರಿಗೆ ಇದು ಸಣ್ಣ ವಿಷಯ ಅಲ್ಲ. ಯಾವ ಗುಂಡಿ ಎಲ್ಲಿ ಅಂತ ಬಾಯಿಪಾಠ ಮಾಡಿಯೇ ಅವರು ಕಂಪ್ಯೂಟರ್ ಬಳಸುವುದು. ಪೂರ್ತಿ ತೆಗೆಯಬೇಕು, ಸ್ವಚ್ಛವಾಗಿ ತೆಗೆಯಬೇಕು, ಸಾವಿರದ ನಾನೂರು ಮಾತುಗಳ ಆ ಫೈಲಿಗೆ ಒಂದು ಗೀರೂ ಬೀಳಬಾರದು.

ಹುಡುಗನಿಗೆ ಫೋನ್ ಮಾಡಿದೆ. ಬೈಯಲಿಕ್ಕಲ್ಲ, ಯಾವ ಆಜ್ಞೆ ಕೊಟ್ಟು ಹಾಕಿದ್ದು ಅಂತ ಕೇಳಲಿಕ್ಕೆ. "ನೆನಪಿಲ್ಲ ಅತ್ತೆ, ಎಂತದೋ ಕೆಡಿಇ ಸ್ಟ್ಯಾಂಡರ್ಡ್ ಅಂತ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜನಿಗೆ ಆಗ್ಲಿಲ್ವಾ?" ಅಂತ ಕೇಳಿದ. "ಅಜ್ಜನ ಮಿಶನ್‌ಗೆ ಆಗ್ಲಿಲ್ಲ" ಅಂದೆ. ಅದೇ ನಿಜವೂ ಹೌದು.

ಅವನಿಗೆ ನೆನಪಿಲ್ಲದಿದ್ದರೂ ಡೆಬಿಯನ್‌ಗೆ ನೆನಪುಂಟು. ಆಪ್ಟ್ ಎಂಬ ಸಲಕರಣೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಆಜ್ಞೆಗೆ ಯಾವ ಯಾವ ಪ್ಯಾಕೇಜ್ ಹಾಕಿತು ಅಂತ ಒಂದು ದಾಖಲೆ ಇಡುತ್ತದೆ. ಸಿಸ್ಟಮ್‌ನ ವಾರ್ ಫೋಲ್ಡರಿನಲ್ಲಿ ಲಾಗ್, ಅದರೊಳಗೆ ಆಪ್ಟ್, ಅದರೊಳಗೆ ಹಿಸ್ಟರಿ ಎಂಬ ಫೈಲ್. ತಿಂಗಳು ಕಳೆದರೆ ಹಳತನ್ನು ಮಡಚಿ ಜಿಪ್ ಮಾಡಿಡುತ್ತದೆ, ಕೂಡಲೇ ಬಿಸಾಡುವುದಿಲ್ಲ. ಅದರಲ್ಲಿ ಆ ದಿನದ ಸಾಲು ಸಿಕ್ಕಿತು. ಒಂದು ಹೆಸರು ಕೇಳಿದ್ದಕ್ಕೆ ನಾನೂರಕ್ಕೂ ಹೆಚ್ಚು ಪ್ಯಾಕೇಜ್ ಬಂದು ಕೂತಿದ್ದವು. ತೆಗೆಯುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ಇಂಟರ್‌ನೆಟ್‌ನಲ್ಲಿ ಸಿಗುವ ಉದ್ದುದ್ದ ಆಜ್ಞೆಗಳು ಬೇರೆ ಯಾರದ್ದೋ ಮನೆಯ ಪಟ್ಟಿ. ನಮ್ಮ ಮನೆಗೆ ಎಂತ ಬಂದಿದೆ ಅಂತ ನಮ್ಮ ದಾಖಲೆಯೇ ಹೇಳಬೇಕು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕೆಡಿಇ ಸ್ಟ್ಯಾಂಡರ್ಡ್ ಅನ್ನುವುದು ಒಂದು ಪ್ರೋಗ್ರಾಮೇ ಅಲ್ಲ. ಅದು ಅಂಗಡಿ ಚೀಟಿ ಇದ್ದ ಹಾಗೆ, ಒಳಗೆ ಬೇಕಾದ ಸಾಮಾನಿನ ಹೆಸರು ಮಾತ್ರ. ಚೀಟಿ ಹರಿದುಹಾಕಿದರೆ ಮನೆಗೆ ಬಂದ ಅಕ್ಕಿ ಬೆಲ್ಲ ವಾಪಸು ಹೋಗುವುದಿಲ್ಲ. ಅದಕ್ಕೇ ಬಹಳ ಜನ "ತೆಗೆದೆ, ಆದರೂ ಎಲ್ಲ ಇದೆಯಲ್ಲ" ಅನ್ನುವುದು. ಒಂಟಿಯಾಗಿ ಉಳಿದದ್ದನ್ನು ಗುಡಿಸಲಿಕ್ಕೆ ಆಟೊರಿಮೂವ್ ಅಂತ ಒಂದು ಆಜ್ಞೆ ಉಂಟು. ಜೊತೆಗೆ ಬಂದದ್ದು, ಈಗ ಯಾರಿಗೂ ಬೇಡವಾದದ್ದು ಎಲ್ಲ ಅದು ತೆಗೆಯುತ್ತದೆ. ಆದರೆ ಚೀಟಿಯ ಮೂಲಕ ಬಂದ ಕೆಲವನ್ನು ಸಿಸ್ಟಮ್ "ಇದು ಯಜಮಾನರೇ ಕೇಳಿ ಹಾಕಿಸಿದ್ದು" ಅಂತ ಗುರುತು ಮಾಡಿಟ್ಟಿರುತ್ತದೆ, ಅದನ್ನು ಮುಟ್ಟುವುದಿಲ್ಲ. ಅಂಥದ್ದನ್ನು ಹೆಸರು ಹಿಡಿದೇ ತೆಗೆಯಬೇಕು.

ಅದರ ಉಲ್ಟಾ ಅಪಾಯವೂ ಉಂಟು, ನನಗೆ ಹೆದರಿಕೆ ಇದ್ದದ್ದು ಅಲ್ಲಿ. ನಮಗೆ ಬೇಕಾದದ್ದೂ ಬೇರೆಯವರ ಜೊತೆಗೆ ಬಂದದ್ದಾದರೆ ಆಟೊರಿಮೂವ್ ಅದನ್ನೂ ಗುಡಿಸಿಬಿಡುತ್ತದೆ. ವೈಫೈ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಹೆಚ್ಚಾಗಿ ಡೆಸ್ಕ್‌ಟಾಪಿನ ಬಾಲ ಹಿಡಿದೇ ಬಂದಿರುತ್ತದೆ. ಅದು ಹೋದರೆ ವೈಫೈ ಹೋಯಿತು, ವೈಫೈ ಹೋದರೆ ಅದನ್ನು ತಿರುಗಿ ತರಿಸಲಿಕ್ಕೆ ದಾರಿ ಇಲ್ಲ. ಪೇಟೆಯಲ್ಲಾದರೆ ಮೊಬೈಲಿನ ನೆಟ್ ಹಾಕಿ ಸುಧಾರಿಸಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗಬೇಕಾದರೆ ಕೊಡೆ ಹಿಡಿದು ಗುಡ್ಡೆ ಹತ್ತಬೇಕು. ಲ್ಯಾಪ್‌ಟಾಪ್ ಎತ್ತಿಕೊಂಡು ಜಿಗಣೆಯ ನಡುವೆ ಗುಡ್ಡೆಯಲ್ಲಿ ಕೂರಲಿಕ್ಕೆ ನಾನು ತಯಾರಿರಲಿಲ್ಲ. ಹಾಗಾಗಿ ಮೊದಲ ಕೆಲಸ, ಉಳಿಯಲೇಬೇಕಾದವುಗಳಿಗೆ ಆಪ್ಟ್‌ಮಾರ್ಕ್ ಎಂಬ ಆಜ್ಞೆಯಿಂದ "ಇದು ನನಗೆ ಬೇಕು" ಅಂತ ಮುದ್ರೆ ಒತ್ತಿದ್ದು. ನೆಟ್‌ವರ್ಕ್ ಮ್ಯಾನೇಜರ್, ಎಕ್ಸ್‌ಎಫ್‌ಸಿಇ, ಲೈಟ್‌ಡಿಎಂ, ಲಿಬ್ರೆ ಆಫೀಸ್. ಕನ್ನಡದ ಫಾಂಟುಗಳು, ಅಂದರೆ ಲೋಹಿತ್, ನವಿಲು, ಗುಬ್ಬಿ. ಫಾಂಟ್ ಹೋದರೆ ಫೈಲ್ ಹಾಳಾಗುವುದಿಲ್ಲ ನಿಜ. ಆದರೆ ತೆರೆದಾಗ ಅಕ್ಷರದ ಜಾಗದಲ್ಲಿ ಬರೀ ಡಬ್ಬಿ ಡಬ್ಬಿ ಕಂಡರೆ ಮಾವನ ಎದೆ ಒಡೆಯುತ್ತದೆ.

ಮಾವನ ಫೈಲುಗಳನ್ನು ಎರಡು ಪೆನ್‌ಡ್ರೈವಿಗೆ ಹಾಕಿ ಒಂದನ್ನು ಅಕ್ಕಿ ಡಬ್ಬದ ಪಕ್ಕ ಇಟ್ಟೆ. (ಅಕ್ಕಿ ಡಬ್ಬವೇ ಯಾಕೆ ಅಂದರೆ ನಮ್ಮ ಮನೆಯಲ್ಲಿ ಒಣಗಿರುವ ಜಾಗ ಅದೊಂದೇ.) ಆಮೇಲೆ ಲಾಗಿನ್ ಪರದೆಯ ವಿಷಯ. ಕೆಡಿಇ ಬರುವಾಗ ಎಸ್‌ಡಿಡಿಎಂ ಎಂಬ ತನ್ನದೇ ಬಾಗಿಲು ತಂದಿತ್ತು, ನಮ್ಮ ಹಳೇ ಬಾಗಿಲು ಲೈಟ್‌ಡಿಎಂ. ಮೊದಲು ಹಳೇ ಬಾಗಿಲನ್ನೇ ಮುಖ್ಯ ಅಂತ ಮಾಡಬೇಕು, ಡಿಪಿಕೆಜಿ ರೀಕಾನ್ಫಿಗರ್ ಅಂತ ಆಜ್ಞೆ ಕೊಟ್ಟು ಲೈಟ್‌ಡಿಎಂ ಆರಿಸಿದರೆ ಆಯಿತು. ಇದನ್ನು ಮಾಡದೆ ಎಸ್‌ಡಿಡಿಎಂ ಕಿತ್ತರೆ ಮರುದಿನ ಕಂಪ್ಯೂಟರ್ ಶುರುವಾಗಿ ಕರಿ ಪರದೆಯಲ್ಲಿ ನಿಂತುಬಿಡಬಹುದು. ಒಳಗೆ ಎಲ್ಲ ಸರಿ ಇರುತ್ತದೆ, ಬಾಗಿಲು ಮಾತ್ರ ಇಲ್ಲ.

ಲೈಟ್‌ಡಿಎಂ ಮಾಡಿ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿಕೊಂಡೆ. ಮುಂದಿನ ಕೆಲಸ ಎಲ್ಲ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಬರುವ ಅಕ್ಷರದ ಪರದೆಯಲ್ಲಿ. ತೆಗೆಯುವ ಡೆಸ್ಕ್‌ಟಾಪಿನಲ್ಲೇ ಕೂತು ಅದನ್ನು ತೆಗೆಯುವುದು ಕೂತ ಗೆಲ್ಲನ್ನು ಕಡಿದ ಹಾಗೆ.

ನಿಜವಾಗಿ ತೆಗೆಯುವ ಮೊದಲು ಆಪ್ಟ್‌ಗೆ ಮೈನಸ್ ಎಸ್ ಸೇರಿಸಿ ಹೇಳಿದರೆ ಅದು ಸುಮ್ಮನೆ ನಾಟಕ ಮಾಡಿ ತೋರಿಸುತ್ತದೆ. ಏನೇನು ಹೋಗುತ್ತದೆ, ಏನೇನು ಉಳಿಯುತ್ತದೆ ಅಂತ ಪಟ್ಟಿ ಕೊಡುತ್ತದೆ, ಮುಟ್ಟುವುದಿಲ್ಲ. ಆ ಪಟ್ಟಿಯನ್ನು ಒಂದೊಂದೇ ಹೆಸರು ಓದಬೇಕು. ಉದಾಸೀನ ಬರುತ್ತದೆ, ಆದರೂ ಓದಬೇಕು. 2021ರಲ್ಲಿ ಲೈನಸ್ ಟೆಕ್ ಟಿಪ್ಸ್ ಎಂಬ ದೊಡ್ಡ ಯೂಟ್ಯೂಬ್ ಚಾನೆಲಿನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಆಟದ ಸ್ಟೀಮ್ ಹಾಕಲಿಕ್ಕೆ ಹೋದರು. ಪ್ಯಾಕೇಜಿನ ಒಂದು ತೊಡಕಿನಿಂದ ಆಪ್ಟ್ "ಡೆಸ್ಕ್‌ಟಾಪನ್ನೇ ತೆಗೆಯಬೇಕಾಗುತ್ತದೆ" ಅಂತ ಉದ್ದದ ಎಚ್ಚರಿಕೆ ಕೊಟ್ಟಿತು. ಅವರು "ಹೌದು, ನಾನು ಹೇಳಿದ ಹಾಗೆ ಮಾಡು" ಅಂತ ಟೈಪ್ ಮಾಡಿದರು, ಡೆಸ್ಕ್‌ಟಾಪ್ ಹೋಯಿತು. ಲಕ್ಷಾಂತರ ಜನ ನೋಡಿದರು. ಕಂಪ್ಯೂಟರಿನಲ್ಲೇ ಬದುಕುವವರಿಗೆ ಹಾಗಾಗುತ್ತದೆ ಅಂದರೆ, ರಾತ್ರಿ ಹತ್ತು ಗಂಟೆಗೆ ಪಾತ್ರೆ ತೊಳೆದು ಬಂದು ಕೂತವರು ಎರಡು ಸಲ ಓದುವುದರಲ್ಲಿ ತಪ್ಪಿಲ್ಲ.

ಓದಿದ್ದಕ್ಕೆ ಒಂದು ವಿಷಯ ಸಿಕ್ಕಿತು. ಹೋಗುವವರ ಪಟ್ಟಿಯಲ್ಲಿ ಒಕ್ಯುಲರ್ ಇತ್ತು. ಅದು ಕೆಡಿಇಯವರ ಪಿಡಿಎಫ್ ಓದುವ ಪ್ರೋಗ್ರಾಮ್. ಮಾವನ ಹತ್ತಿರ ಕಿಟ್ಟೆಲ್ ನಿಘಂಟಿನ ಸ್ಕ್ಯಾನ್ ಉಂಟು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಹಾಕಿದ ಆ ದಪ್ಪ ಪುಸ್ತಕ. ಎಲ್ಲ ಗೊಂದಲದ ನಡುವೆ ಅವರಿಗೆ ಇಷ್ಟವಾದ ಒಂದೇ ಒಂದು ವಸ್ತು ಅಂದರೆ ಒಕ್ಯುಲರಿನಲ್ಲಿ ಆ ಪುಟದ ಮೇಲೆ ಹಳದಿ ಗೆರೆ ಎಳೆದು ಬದಿಯಲ್ಲಿ ಟಿಪ್ಪಣಿ ಬರೆಯುವುದು. ಅದನ್ನು ಅವರು ಹೇಳಿರಲಿಲ್ಲ, ಗೆರೆಗಳನ್ನು ನಾನೇ ನೋಡಿದ್ದೆ. "ಸ್ವಚ್ಛ" ಅನ್ನುವುದಕ್ಕೆ ಪಟ್ಟುಹಿಡಿಯುವವರು ಅದನ್ನೂ ತೆಗೆಯಿರಿ ಅನ್ನುತ್ತಾರೆ, ಯಾಕೆಂದರೆ ಅದೊಂದು ಉಳಿದರೆ ಅದರ ಹಿಂದೆ ಕೆಡಿಇಯ ಒಂದಷ್ಟು ಲೈಬ್ರರಿಗಳೂ ಉಳಿಯುತ್ತವೆ. ಉಳಿಯಲಿ. ಡಿಸ್ಕಿನಲ್ಲಿ ಸುಮ್ಮನೆ ಮಲಗಿರುವ ಫೈಲು ಯಾರ ಅನ್ನ ತಿನ್ನುತ್ತದೆ? ಒಕ್ಯುಲರಿಗೂ ಮುದ್ರೆ ಒತ್ತಿದೆ.

ಆಮೇಲೆ ತೆಗೆಯುವುದು. ರಿಮೂವ್ ಅಂದರೆ ಪ್ರೋಗ್ರಾಮ್ ಮಾತ್ರ ಹೋಗುತ್ತದೆ, ಅದರ ಸಿಸ್ಟಮ್ ಸೆಟ್ಟಿಂಗ್ ಫೈಲುಗಳು ಉಳಿಯುತ್ತವೆ. ಪರ್ಜ್ ಅಂದರೆ ಅದೂ ಹೋಗುತ್ತದೆ. ಪರ್ಜ್ ಕೊಟ್ಟೆ, ಹಿಂದೆಯೇ ಆಟೊರಿಮೂವ್ ಕೂಡ ಪರ್ಜ್ ಸೇರಿಸಿಯೇ ಕೊಟ್ಟೆ. ಹತ್ತು ನಿಮಿಷ ಹೆಸರುಗಳು ಓಡಿದವು. ನಡುವೆ ಒಮ್ಮೆ ಕರೆಂಟ್ ಹೋಯಿತು, ಬ್ಯಾಟರಿ ಹಿಡಿಯಿತು. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಮುಕ್ಕಾಲು ಗಂಟೆ ಬರುತ್ತದೆ ಅಂತ ಮೊದಲೇ ನೋಡಿಟ್ಟುಕೊಂಡಿದ್ದೆ.

ಫೆಡೋರಾ ಬಳಸುವವರಿಗೆ ಇಷ್ಟು ರಗಳೆ ಇಲ್ಲ. ಅಲ್ಲಿ ಡಿಎನ್‌ಎಫ್‌ನ ಹಿಸ್ಟರಿ ನೋಡಿ ಆ ದಿನದ ಸಂಖ್ಯೆ ಹೇಳಿ "ಅನ್‌ಡು" ಅಂದರೆ ಬಂದದ್ದನ್ನು ಬಂದ ಹಾಗೆ ವಾಪಸು ಕಳಿಸಲು ನೋಡುತ್ತದೆ. ಡೆಬಿಯನ್ 12ರಲ್ಲಿ ಆ ಸೌಕರ್ಯ ಇಲ್ಲದ್ದು ಒಂದು ಕೊರತೆಯೇ.

ಇಷ್ಟಾದರೂ ಮುಗಿಯುವುದಿಲ್ಲ. ಪರ್ಜ್ ಆಗಲಿ ರಿಮೂವ್ ಆಗಲಿ ಮನೆಯ ಫೋಲ್ಡರನ್ನು, ಅಂದರೆ ನಮ್ಮ ಹೋಮ್ ಡೈರೆಕ್ಟರಿಯನ್ನು ಮುಟ್ಟುವುದಿಲ್ಲ. ಅದು ಬಳಸುವವರ ಸ್ವಂತದ್ದು ಅನ್ನುವ ಮರ್ಯಾದೆ. ಅಲ್ಲಿ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರುಗಳಲ್ಲಿ ಪ್ಲಾಸ್ಮಾದ ಸೆಟ್ಟಿಂಗು, ಬಾಲೂ ಮಾಡಿದ ಪಟ್ಟಿ, ಪಾಸ್‌ವರ್ಡ್ ಪೆಟ್ಟಿಗೆ ಎಲ್ಲ ಹಾಗೇ ಕೂತಿರುತ್ತವೆ. ನಮ್ಮ ಕಡಬ ತಾಲೂಕಿನ ಕತೆಯ ಹಾಗೆ. ಪುತ್ತೂರು, ಸುಳ್ಯದಿಂದ ಊರುಗಳನ್ನು ತೆಗೆದು ಹೊಸ ತಾಲೂಕು ಮಾಡಿ ವರ್ಷಗಳೇ ಆದವು, ನಮ್ಮ ಹಳೇ ಕಾಗದಪತ್ರದಲ್ಲಿ ಇನ್ನೂ ಪುತ್ತೂರು ತಾಲೂಕು ಅಂತಲೇ ಉಂಟು. ಯಾರಾದರೂ ಹೋಗಿ ಒಂದೊಂದೇ ತಿದ್ದಿಸಬೇಕು.

ಗುಂಡಿಗಳ ಬಣ್ಣ ಅರ್ಧಂಬರ್ಧ ಆಗಿದ್ದಕ್ಕೆ ಕಾರಣ ಅಲ್ಲೇ ಸಿಕ್ಕಿತು. ಕೆಡಿಇ ತನ್ನ ರೂಪಕ್ಕೆ ಹೊಂದಲಿ ಅಂತ ಬೇರೆ ಪ್ರೋಗ್ರಾಮುಗಳ ಸೆಟ್ಟಿಂಗಿನಲ್ಲೂ ತನ್ನ ಬ್ರೀಜ್ ಥೀಮಿನ ಹೆಸರು ಬರೆದಿಟ್ಟಿತ್ತು, ಜಿಟಿಕೆ ಎಂಬ ಹೆಸರಿನ ಫೋಲ್ಡರಿನೊಳಗೆ. ಪಿಡಿಎಫ್, ಫೋಟೋ ಯಾವುದರಲ್ಲಿ ತೆರೆಯಬೇಕು ಅಂತ ಹೇಳುವ ಮೈಮ್‌ಆಪ್ಸ್ ಎಂಬ ಫೈಲಿನಲ್ಲೂ ಹೋದವರ ಹೆಸರುಗಳಿದ್ದವು. ಯಾವುದನ್ನೂ ಅಳಿಸಲಿಲ್ಲ. "ಹಳತು" ಅಂತ ಒಂದು ಫೋಲ್ಡರ್ ಮಾಡಿ ಕೆಡಿಇ, ಪ್ಲಾಸ್ಮಾ, ಕೆವಿನ್ ಹೆಸರಿನವು ಎಲ್ಲ ಅದರೊಳಗೆ ಸರಿಸಿದೆ, ಒಕ್ಯುಲರಿನದ್ದು ಬಿಟ್ಟು. ಅದರ ಟಿಪ್ಪಣಿಗಳಿಗೂ ಅಲ್ಲೇ ಒಂದು ಫೋಲ್ಡರ್ ಇರಬಹುದು, ಕಣ್ಣುಮುಚ್ಚಿ ಅಳಿಸಿದರೆ ಕಿಟ್ಟೆಲ್ ಮೇಲಿನ ಹಳದಿ ಗೆರೆಗಳೂ ಹೋಗಬಹುದು. ಎರಡು ವಾರ ಏನೂ ತೊಂದರೆ ಕಾಣದಿದ್ದರೆ ಆ ಫೋಲ್ಡರ್ ತೆಗೆದರಾಯಿತು ಅಂತ ಲೆಕ್ಕ. ಲಾಗಿನ್ ಆದರೆ ದೊಡ್ಡ ಅಕ್ಷರ, ಒಂದೇ ಕ್ಯಾಲ್ಕುಲೇಟರ್. ಸ್ಕ್ರಾಲ್ ಲಾಕ್ ಒತ್ತಿದೆ. ಕನ್ನಡ ಬಂತು.

ಬೆಳಿಗ್ಗೆ ಮಾವನಿಗೆ ಏನೂ ಹೇಳದೆ ಚಾವಡಿಯ ಮೇಜಿನ ಮೇಲೆ ತೆರೆದಿಟ್ಟೆ. ಚಾ ಕುಡಿದು ಬಂದು ಕೂತರು, ಸ್ವಲ್ಪ ಹೊತ್ತು ನೋಡಿದರು. "ಆ ಮಾಣಿಗೆ ಬೇಜಾರಾಗ್ಲಿಕ್ಕಿಲ್ವಾ?" ಅಂದರು. ಕನ್ನಡಕ ಸರಿಮಾಡಿಕೊಂಡು ಕ್ಯಾಲೆಂಡರಿನ ಹಿಂಬದಿಯ ಮಾತುಗಳನ್ನು ಒಂದೊಂದಾಗಿ ಏರಿಸಲಿಕ್ಕೆ ಶುರುಮಾಡಿದರು. ಮಧ್ಯಾಹ್ನ ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಚೌತಿಗೆ ಹುಡುಗ ಬಂದ. ನಾನು ಅವನಿಗೆ ಹಿಸ್ಟರಿ ಫೈಲನ್ನೂ, ನಾಟಕ ಮಾಡಿಸುವ ಮೈನಸ್ ಎಸ್ ಅನ್ನೂ ತೋರಿಸಿದೆ. ಕಾಲೇಜಿನಲ್ಲಿ ಇದನ್ನೆಲ್ಲ ಯಾರೂ ಹೇಳಿರಲಿಲ್ಲವಂತೆ. ಇಲ್ಲಿಂದ ಗಡಿ ದಾಟಿದರೆ ಕಾಸರಗೋಡಿನ ಸರಕಾರಿ ಶಾಲೆಗಳಲ್ಲಿ, ಕನ್ನಡ ಮಾಧ್ಯಮದಲ್ಲಿ ಕೂಡ, ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಕೇರಳದ ಕೈಟ್ ಸಂಸ್ಥೆ ಉಬುಂಟುವಿನಿಂದ ತನ್ನದೇ ಒಂದು ಲಿನಕ್ಸ್ ಮಾಡಿ ಶಾಲೆಗಳಿಗೆ ಕೊಡುತ್ತದೆ. ನಮ್ಮ ಕಡೆ ಆ ಭಾಗ್ಯ ಇಲ್ಲ. ಅವನು ಪೆನ್‌ಡ್ರೈವಿನಲ್ಲಿ ಕೆಡಿಇ ಇರುವ ಡೆಬಿಯನ್ ಲೈವ್ ಮಾಡಿಕೊಂಡು ತಂದಿದ್ದ, ಡಿಸ್ಕ್ ಮುಟ್ಟದೆ ಓಡುವಂಥದ್ದು. ಅಜ್ಜ ಮೊಮ್ಮಗ ಇಬ್ಬರೂ ಅರ್ಧ ಗಂಟೆ ಅದರ ಕಿಟಕಿಗಳನ್ನು ತೇಲಿಸಿ ನೋಡಿದರು.

"ಅತ್ತೆ, ಒಕ್ಯುಲರ್ ಬಿಟ್ಟಿದ್ದೀರಲ್ಲ, ಅದು ಕೆಡಿಇದ್ದೇ ಅಲ್ವಾ?" ಅಂತ ಹೊರಡುವಾಗ ಕೇಳಿದ. ಹೌದು ಅಂದೆ. ಅವನ ಮುಖ ನೋಡಿದರೆ ಅವನೇ ಹಾಕಿಕೊಟ್ಟದ್ದರಲ್ಲಿ ಒಂದಾದರೂ ಉಳಿಯಿತಲ್ಲ ಅನ್ನುವ ಸಮಾಧಾನ.

"ಹಳತು" ಫೋಲ್ಡರ್ ಈಗ ಇಲ್ಲ. ಡೆಬಿಯನ್ 13 2025ರ ಆಗಸ್ಟಿನಲ್ಲೇ ಬಂದಿದೆ, ಅದಕ್ಕೆ ಏರಿಸುವ ಕೆಲಸ ಬಾಕಿ ಉಂಟು. ಮಾವನ ಪಟ್ಟಿ ಸಾವಿರದ ಐನೂರು ದಾಟಿದೆ. ಅವರು ಈಗ ಒಣಗಿಸುವ ಅಂಗಳದ ಮಾತುಗಳಲ್ಲಿದ್ದಾರೆ, ಅದು ಮುಗಿಯದೆ ಲ್ಯಾಪ್‌ಟಾಪ್ ಬಿಟ್ಟುಕೊಡುವುದಿಲ್ಲ ಅಂತ ಹೇಳಿದ್ದಾರೆ.